ಟಿಜೆಯೋ, ಲೌಡನ್ ಅಕಾಡೆಮಿಯೋ, ಮನೆ ಹತ್ತಿರದ ಹೈಸ್ಕೂಲೋ? ಕಾಲೇಜು ಪ್ರವೇಶದ ದೃಷ್ಟಿಯಿಂದ ಸಲಹೆ ಬೇಕು

ಆಶ್‌ಬರ್ನ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿದ್ದೇವೆ. ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ಅಲೆಕ್ಸಾಂಡ್ರಿಯದ ಥಾಮಸ್ ಜೆಫರ್ಸನ್ ವಿಜ್ಞಾನ-ತಂತ್ರಜ್ಞಾನ ಹೈಸ್ಕೂಲಿಗೂ, ಅಂದರೆ ಇಲ್ಲಿ ಎಲ್ಲರೂ ಟಿಜೆ ಎನ್ನುವ ಶಾಲೆಗೂ, ಲೀಸ್‌ಬರ್ಗ್‌ನಲ್ಲಿರುವ ಅಕಾಡೆಮೀಸ್ ಆಫ್ ಲೌಡನ್‌ನ ವಿಜ್ಞಾನ ವಿಭಾಗಕ್ಕೂ ಆಯ್ಕೆಯಾಗಿದ್ದಾಳೆ. ಎರಡೂ ಬೇಡವೆಂದರೆ ನಡೆದೇ ಹೋಗಬಹುದಾದ ಹೈಸ್ಕೂಲು ಮನೆಯ ಪಕ್ಕದಲ್ಲಿದೆ. ಮುಂದಿನ ಶುಕ್ರವಾರದೊಳಗೆ ಉತ್ತರ ಕೊಡಬೇಕು.

ಮನೆಯಲ್ಲಿ ಒಮ್ಮತವಿಲ್ಲ. ಕೈಗೆ ಬಂದ ತುತ್ತನ್ನು ಯಾರಾದರೂ ಬಿಡುತ್ತಾರೆಯೇ ಎಂದು ಯಜಮಾನರು ಕೇಳುತ್ತಾರೆ. ಕನ್ನಡ ಶಾಲೆಯಲ್ಲಿ ಸಿಗುವ ಗೆಳತಿಯರು ಇದಕ್ಕೆ ತದ್ವಿರುದ್ಧ. ಟಿಜೆಯಲ್ಲಿ ಎಲ್ಲರೂ ಜಾಣರು, ಅಲ್ಲಿ ನಿಮ್ಮ ಮಗಳು ನಡುವಿನಲ್ಲಿ ಉಳಿದುಬಿಡುತ್ತಾಳೆ, ಇಲ್ಲೇ ಇದ್ದು ಮೊದಲ ಹತ್ತರಲ್ಲಿ ಬಂದರೆ ಒಳ್ಳೆಯ ಕಾಲೇಜು ಸುಲಭ ಎನ್ನುತ್ತಾರೆ. ಮೈಸೂರಿನಲ್ಲಿರುವ ಮಾವನವರು ಫೋನಿನಲ್ಲಿ "ಒಳ್ಳೆಯ ಪಿಯು ಕಾಲೇಜು ಸಿಕ್ಕರೆ ಅರ್ಧ ದಾರಿ ಕಳೆದ ಹಾಗೆ, ಇದೂ ಅಷ್ಟೇ" ಎಂದರು.

ನನಗೆ ತಿಳಿಯಬೇಕಾದದ್ದು ಮುಖ್ಯವಾಗಿ ಎರಡು. ದೊಡ್ಡ ಶಾಲೆಯ ಹೆಸರು ಕಾಲೇಜಿನವರ ಮುಂದೆ ನಿಜವಾಗಿ ತೂಗುತ್ತದೆಯೇ? ಆ ತೂಕಕ್ಕಾಗಿ ಮಗು ದಿನವೂ ಬಸ್ಸಿನಲ್ಲಿ ಇಷ್ಟು ಹೊತ್ತು ಕೂರುವುದು ಸರಿಯೇ? ಅನುಭವವಿದ್ದವರು ದಯವಿಟ್ಟು ಹೇಳಿ.

ಹೆರ್ನ್‌ಡನ್ ವಾಸಿ

ಮೊದಲು ಮಗಳಿಗೆ ನನ್ನ ಅಭಿನಂದನೆ ತಿಳಿಸಿ ಮೇಡಂ. ಎರಡು ಕಡೆಯೂ ಆಯ್ಕೆಯಾಗುವುದು ಸಣ್ಣ ಮಾತಲ್ಲ.

ನನ್ನ ಮಗ ಟಿಜೆಯಲ್ಲಿ ಓದಿ ಈಗ ಕಾಲೇಜಿನಲ್ಲಿದ್ದಾನೆ. ನಾನು ಟಿಜೆ ಪರ, ಮತ್ತು ನನ್ನ ಕಾರಣ ಅಲ್ಲಿ ಕಲಿಯಲು ಸಿಗುವ ವಿಷಯಗಳು. 1985ರಲ್ಲಿ ಶುರುವಾದ ಆ ಶಾಲೆಯಲ್ಲಿ ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸ್) ಕ್ಯಾಲ್ಕುಲಸ್ ಮುಗಿಸಿದ ಹುಡುಗ ಮುಂದೇನು ಎಂದು ಕೈಕಟ್ಟಿ ಕೂರಬೇಕಾಗಿಲ್ಲ. ಮಲ್ಟಿವೇರಿಯಬಲ್ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಕಾಂಪ್ಲೆಕ್ಸ್ ಅನಾಲಿಸಿಸ್‌ವರೆಗೂ ಶಾಲೆಯಲ್ಲೇ ಇದೆ. ರಸಾಯನಶಾಸ್ತ್ರ ಇಷ್ಟವಾದವರಿಗೆ ಆರ್ಗಾನಿಕ್ ಕೆಮಿಸ್ಟ್ರಿ ಇದೆ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಯೋಗಾಲಯವನ್ನು ಆರಿಸಿಕೊಂಡು ಸಂಶೋಧನೆ ಮಾಡಲೇಬೇಕು. ಖಗೋಳ, ಸಾಗರವಿಜ್ಞಾನ, ನರವಿಜ್ಞಾನ, ಕಂಪ್ಯೂಟರ್ ಹೀಗೆ ಹತ್ತಾರು ದಾರಿಗಳಿವೆ. 2013ರ ನವೆಂಬರಿನಲ್ಲಿ ಟಿಜೆ3ಸ್ಯಾಟ್ ಎಂಬ ಪುಟ್ಟ ಉಪಗ್ರಹ ಕಕ್ಷೆಗೆ ಏರಿತು. ಹೈಸ್ಕೂಲಿನ ಮಕ್ಕಳು ಕಟ್ಟಿದ ಮೊದಲ ಉಪಗ್ರಹ ಅದು. ಅದನ್ನು ಕಟ್ಟಿದ ಮಕ್ಕಳು ಓಡಾಡಿದ ಶಾಲೆ ಇದು ಎಂದರೆ ನನಗೆ ಈಗಲೂ ಮೈ ನವಿರೇಳುತ್ತದೆ.

ಇನ್ನೊಂದು ಮಾತು. ಅಲ್ಲಿ ಎಂಟನೆಯ ಪೀರಿಯಡ್ ಎಂದು ವಾರದಲ್ಲಿ ಎರಡು ದಿನ ಶಾಲೆಯ ಸಮಯದಲ್ಲೇ ಕ್ಲಬ್ಬುಗಳು ನಡೆಯುತ್ತವೆ. ದೂರದಿಂದ ಬರುವ ಮಕ್ಕಳು ಸಂಜೆಯ ಬಸ್ ತಪ್ಪುತ್ತದೆಂದು ಯಾವುದನ್ನೂ ಬಿಡಬೇಕಾಗುವುದಿಲ್ಲ. ನನ್ನ ಮಗನಿಗೆ ಸಿಕ್ಕ ಗೆಳೆಯರು ಬೇರೆ ಎಲ್ಲೂ ಸಿಗುತ್ತಿರಲಿಲ್ಲ. ಊಟದ ಹೊತ್ತಿಗೆ ಗಣಿತದ ಲೆಕ್ಕ ಬಿಡಿಸುತ್ತಾ ಕೂರುವ ಹುಡುಗನನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡಲಿಲ್ಲ. ಅದೊಂದಕ್ಕಾಗಿಯಾದರೂ ನಾನು ಆ ಶಾಲೆಗೆ ಋಣಿ.

ಸೌತ್ ರೈಡಿಂಗ್ ಅಪ್ಪ

ಟಿಜೆ ಈಗ ಮೊದಲಿನ ಟಿಜೆ ಅಲ್ಲ. ಪರೀಕ್ಷೆ ತೆಗೆದ ಮೇಲೆ ಅದರ ಬೆಲೆ ಹೋಯಿತು. ಕಾಲೇಜಿನವರಿಗೂ ಅದು ಗೊತ್ತಿದೆ. ಇಷ್ಟು ದೂರ ಕಳಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ಹೆರ್ನ್‌ಡನ್ ವಾಸಿ

ಸರ್, ಸಿಟ್ಟು ಅರ್ಥವಾಗುತ್ತದೆ. ಆದರೆ ನಡೆದದ್ದನ್ನು ನಡೆದ ಹಾಗೆಯೇ ಹೇಳೋಣ. 2020ರ ಅಕ್ಟೋಬರಿನಲ್ಲಿ ಟಿಜೆಯನ್ನು ನಡೆಸುವ ಫೇರ್‌ಫ್ಯಾಕ್ಸ್ ಶಾಲಾ ಮಂಡಳಿ ಪ್ರವೇಶ ಪರೀಕ್ಷೆಯನ್ನೂ ಅರ್ಜಿ ಶುಲ್ಕವನ್ನೂ ತೆಗೆಯಿತು, ಡಿಸೆಂಬರಿನಲ್ಲಿ ಹೊಸ ಪದ್ಧತಿಯನ್ನು ಒಪ್ಪಿತು. ಸೀಟುಗಳು 480ರ ಆಸುಪಾಸಿನಿಂದ 550ಕ್ಕೆ ಏರಿದವು. ಪ್ರತಿ ಮಿಡ್ಲ್ ಸ್ಕೂಲಿನ ಎಂಟನೆಯ ತರಗತಿಯ ಶೇ. 1.5ರಷ್ಟು ಮಕ್ಕಳಿಗೆ ಜಾಗ ಮೀಸಲಾಯಿತು. ಕನಿಷ್ಠ 3.5 ಜಿಪಿಎ (ಗ್ರೇಡುಗಳ ಸರಾಸರಿ), ಮಗುವೇ ತನ್ನ ಬಗ್ಗೆ ಬರೆಯುವ ಉತ್ತರಗಳು, ಸಮಸ್ಯೆ ಬಿಡಿಸುವ ಒಂದು ಪ್ರಬಂಧ, ಇವುಗಳ ಮೇಲೆ ಆಯ್ಕೆ. ಇದರ ವಿರುದ್ಧ ಪೋಷಕರು ಮೊಕದ್ದಮೆ ಹೂಡಿದರು. 2022ರಲ್ಲಿ ಜಿಲ್ಲಾ ನ್ಯಾಯಾಲಯದಲ್ಲಿ ಗೆದ್ದರು. 2023ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಪದ್ಧತಿ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನನಗೂ ಅದರಲ್ಲಿ ಒಪ್ಪಿಗೆಯಾಗದ ಅಂಶಗಳಿವೆ. ಆದರೆ ಈ ತಾಯಿಯ ಮಗಳು ನಾಳೆ ಒಳಗೆ ಹೋದಾಗ ಪ್ರಯೋಗಾಲಯಗಳೂ ಕೋರ್ಸುಗಳೂ ಅಲ್ಲೇ ಇರುತ್ತವೆ. ಅವಳ ಶ್ರಮವನ್ನು ಹಳೆಯ ಜಗಳದ ತಕ್ಕಡಿಯಲ್ಲಿ ತೂಗುವುದು ಬೇಡ.

ಕ್ವೀನ್ಸ್ ಕನ್ನಡಿಗ

ನ್ಯೂಯಾರ್ಕ್ ನಗರದಲ್ಲಿ ಈ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ. ನಮ್ಮಲ್ಲಿ ಎಂಟು ವಿಶೇಷ ಹೈಸ್ಕೂಲುಗಳಿಗೆ ಒಂದೇ ಪರೀಕ್ಷೆ. ಶಾಲೆಯ ಅಂಕ, ಪ್ರಬಂಧ, ಶಿಫಾರಸು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಸ್ಟೈವೆಸಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್ ಶಾಲೆಗಳಿಗೆ ಪರೀಕ್ಷೆಯ ಮೂಲಕವೇ ಪ್ರವೇಶ ಎಂದು 1971ರಿಂದ ರಾಜ್ಯದ ಕಾನೂನೇ ಇದೆ. ವರ್ಷಕ್ಕೆ 25,000ಕ್ಕೂ ಹೆಚ್ಚು ಮಕ್ಕಳು ಬರೆಯುತ್ತಾರೆ, ಸುಮಾರು 4,000 ಮಂದಿಗೆ ಸೀಟು ಸಿಗುತ್ತದೆ. ಆರನೆಯ ತರಗತಿಯಿಂದಲೇ ಶನಿವಾರ, ಭಾನುವಾರ ಕೋಚಿಂಗ್. ನಮ್ಮ ಬೀದಿಯ ಮಕ್ಕಳು ಬೇಸಿಗೆ ರಜೆಯೆಂದರೆ ಏನೆಂದೇ ಮರೆತಿದ್ದಾರೆ.

ಈಗ ಕೇಳಿದ ಪ್ರಶ್ನೆಗೆ ಬರುತ್ತೇನೆ. ಇದನ್ನು ಅರ್ಥಶಾಸ್ತ್ರಜ್ಞರು ಚೆನ್ನಾಗಿ ಪರೀಕ್ಷಿಸಿದ್ದಾರೆ. ಪರಾಗ್ ಪಾಠಕ್, ಅತಿಲಾ ಅಬ್ದುಲ್ಕಾದಿರೋಗ್ಲು, ಮುಂದೆ ನೊಬೆಲ್ ಪಡೆದ ಜೋಶುವಾ ಆಂಗ್ರಿಸ್ಟ್ ಮೂವರೂ ಸೇರಿ ಬಾಸ್ಟನ್ ಮತ್ತು ನ್ಯೂಯಾರ್ಕಿನ ಪರೀಕ್ಷಾ ಶಾಲೆಗಳ ಬಗ್ಗೆ 2014ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಅವರ ದಾರಿ ಸರಳ. ಕಟ್-ಆಫ್ ಗೆರೆಯನ್ನು ಕೂದಲೆಳೆಯಲ್ಲಿ ದಾಟಿ ಒಳಗೆ ಹೋದವರನ್ನೂ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಬೇರೆ ಶಾಲೆಗೆ ಹೋದವರನ್ನೂ ಹೋಲಿಸಿದರು. ಇಬ್ಬರೂ ಹೆಚ್ಚುಕಡಿಮೆ ಒಂದೇ ಮಟ್ಟದ ಮಕ್ಕಳು ತಾನೇ? ಮುಂದಿನ ಪರೀಕ್ಷೆಗಳ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ವಿಲ್ ಡಾಬಿ ಮತ್ತು ರೋಲಂಡ್ ಫ್ರೈಯರ್ ನ್ಯೂಯಾರ್ಕಿನ ಶಾಲೆಗಳನ್ನು ನೋಡಿದಾಗ ಕಾಲೇಜು ಸೇರುವುದರಲ್ಲಿಯೂ ಮುಗಿಸುವುದರಲ್ಲಿಯೂ ಹೆಚ್ಚಿನ ಪರಿಣಾಮ ಸಿಗಲಿಲ್ಲ. ಸ್ಟೈವೆಸಂಟ್‌ನಿಂದ ಅಷ್ಟೊಂದು ಮಂದಿ ದೊಡ್ಡ ಕಾಲೇಜಿಗೆ ಹೋಗುತ್ತಾರೆಂದರೆ ಅಂಥ ಮಕ್ಕಳೇ ಅಲ್ಲಿಗೆ ಸೇರಿರುತ್ತಾರೆ ಎಂಬುದು ದೊಡ್ಡ ಕಾರಣ.

ನನ್ನ ಮಗಳಿಗೆ ಬ್ರಾಂಕ್ಸ್ ಸೈನ್ಸ್ ಸಿಕ್ಕಿತ್ತು. ಕ್ವೀನ್ಸ್‌ನ ಪೂರ್ವ ಅಂಚಿನಿಂದ ಬ್ರಾಂಕ್ಸ್‌ಗೆ ಬಸ್ಸು, ರೈಲು, ಮತ್ತೆ ರೈಲು. ನಾವು ಕ್ವೀನ್ಸ್ ಕಾಲೇಜಿನ ಆವರಣದಲ್ಲಿರುವ ಟೌನ್‌ಸೆಂಡ್ ಹ್ಯಾರಿಸ್ ಶಾಲೆಯನ್ನು ಆರಿಸಿದೆವು. ಅದು ಆ ಎಂಟರಲ್ಲಿ ಒಂದಲ್ಲ. ಅಲ್ಲಿ ಲ್ಯಾಟಿನ್ ಕಲಿತಳು, ನಿದ್ದೆ ಮಾಡಿದಳು, ಸಂಜೆಗೆ ಮನೆಯಲ್ಲಿದ್ದಳು. ಈಗ ನೆಮ್ಮದಿಯಾಗಿ ಕಾಲೇಜಿನಲ್ಲಿದ್ದಾಳೆ.

ಹೆರ್ನ್‌ಡನ್ ವಾಸಿ

ಕ್ವೀನ್ಸ್ ಸರ್, ಆ ಅಧ್ಯಯನಗಳನ್ನು ನಾನೂ ಓದಿದ್ದೇನೆ. ಒಂದು ಮಾತು ಸೇರಿಸಲೇಬೇಕು. ಅವು ಗೆರೆಯ ಅಂಚಿನಲ್ಲಿರುವ ಮಕ್ಕಳ ಬಗ್ಗೆ ಹೇಳುತ್ತವೆ. ಗೆರೆಯಿಂದ ಬಹಳ ಮೇಲಿರುವ, ಮನೆಯ ಪಕ್ಕದ ಶಾಲೆಯಲ್ಲಿ ಹತ್ತನೆಯ ತರಗತಿಗೇ ಗಣಿತ ಮುಗಿಸಿಬಿಡುವ ಮಗುವಿನ ಬಗ್ಗೆ ಅಲ್ಲ. ಅಂಥ ಮಗುವಿಗೆ ಮುಂದಿನ ಕೋರ್ಸ್ ಇರುವುದೂ ಇಲ್ಲದಿರುವುದೂ ಒಂದೇ ಎಂದು ನಾನು ಒಪ್ಪುವುದಿಲ್ಲ.

ಕ್ವೀನ್ಸ್ ಕನ್ನಡಿಗ

ಸರಿಯಾದ ಮಾತು. ಅಷ್ಟನ್ನು ಒಪ್ಪುತ್ತೇನೆ.

ಆಸ್ಟಿನ್ ಅಪ್ಪ

ಯಾವ ರಾಜ್ಯ ಎಂಬುದನ್ನು ಮೊದಲು ನೋಡಬೇಕು. ನಮ್ಮ ಟೆಕ್ಸಸ್‌ನಲ್ಲಿ ಇದು ಅಭಿಪ್ರಾಯದ ವಿಷಯವಲ್ಲ, ಕಾನೂನಿನ ವಿಷಯ. 1997ರಲ್ಲಿ ಬಂದ ಕಾಯಿದೆಯ ಪ್ರಕಾರ ತರಗತಿಯ ಮೊದಲ ಶೇ. 10ರಲ್ಲಿರುವವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ಯುಟಿಗೆ, ಅಂದರೆ ಯೂನಿವರ್ಸಿಟಿ ಆಫ್ ಟೆಕ್ಸಸ್‌ಗೆ, ಬೇಡಿಕೆ ಹೆಚ್ಚಿದ್ದರಿಂದ ಅದು ಶೇ. 6ಕ್ಕೆ ಇಳಿದಿತ್ತು, 2026ರಲ್ಲಿ ಸೇರುವವರಿಗೆ ಶೇ. 5 ಆಗಿದೆ. ಇಲ್ಲಿ ಕಠಿಣ ಶಾಲೆಗೆ ಹೋಗಿ ಶೇ. 15ರಲ್ಲಿ ಉಳಿದರೆ ಆ ನೇರ ದಾರಿ ಮುಚ್ಚುತ್ತದೆ. ಹಾಗೆಂದು ರ‍್ಯಾಂಕ್ ಇದ್ದರೆ ಕಂಪ್ಯೂಟರ್ ಸೈನ್ಸ್ ಸಿಕ್ಕಿತು ಎಂದೂ ಅಲ್ಲ. ವಿಶ್ವವಿದ್ಯಾಲಯಕ್ಕೆ ಪ್ರವೇಶ ಖಾತರಿ, ಬೇಕಾದ ವಿಭಾಗಕ್ಕಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದನ್ನು ತಡವಾಗಿ ತಿಳಿದುಕೊಳ್ಳುತ್ತಾರೆ.

ವರ್ಜೀನಿಯಾದಲ್ಲಿ ಇಂಥ ಕಾಯಿದೆ ಇಲ್ಲ. ಆದ್ದರಿಂದ ಟೆಕ್ಸಸ್ ನೆಂಟರ ಸಲಹೆಯನ್ನು ಆಶ್‌ಬರ್ನ್‌ನಲ್ಲಿ ಪಾಲಿಸಬೇಡಿ.

ಫ್ರೀಮಾಂಟ್ ಅಕ್ಕ

ಕ್ಯಾಲಿಫೋರ್ನಿಯಾದ್ದನ್ನೂ ಸೇರಿಸುತ್ತೇನೆ. ನಮ್ಮ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವಿಶ್ವವಿದ್ಯಾಲಯಗಳು ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕವನ್ನು ನೋಡುವುದೇ ಇಲ್ಲ. ಆಯಾ ಹೈಸ್ಕೂಲಿನ ಮೊದಲ ಶೇ. 9ರೊಳಗೆ ಬಂದ ಮಕ್ಕಳಿಗೆ ಬೇರೆಲ್ಲೂ ಸಿಗದಿದ್ದರೂ ಜಾಗವಿರುವ ಯಾವುದಾದರೂ ಒಂದು ಕ್ಯಾಂಪಸ್ಸಿನಲ್ಲಿ ಸೀಟು ಎಂಬ ನಿಯಮವಿದೆ. ಅದು ಬರ್ಕ್ಲಿ ಆಗಿರಬೇಕೆಂದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಲೋವೆಲ್ ಶಾಲೆ ಕೆಲ ಕಾಲ ಲಾಟರಿಗೆ ಹೋಗಿ ಮತ್ತೆ ಅಂಕಗಳ ಪದ್ಧತಿಗೆ ಮರಳಿತು. ಆಗ ಇಲ್ಲಿ ನಡೆದ ಜಗಳ ನೋಡಿದವರಿಗೆ ಟಿಜೆಯ ಕಥೆ ಹೊಸದಲ್ಲ.

ಗಣಿತ ಮೇಡಂ

ಆಶ್‌ಬರ್ನ್ ಅವರೇ, ನಾನು ವರ್ಜೀನಿಯಾದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಮೊದಲ ವರ್ಷದ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಪ್ರವೇಶ ಸಮಿತಿಯಲ್ಲಿಲ್ಲ. ಆದರೆ ಅವರ ಕೆಲಸವನ್ನು ಹತ್ತಿರದಿಂದ ಬಲ್ಲೆ. ನಿಮ್ಮ ಮಾವನವರ ಮಾತಿನಿಂದ ಶುರು ಮಾಡುತ್ತೇನೆ, ಏಕೆಂದರೆ ನಮ್ಮಲ್ಲಿ ಬಹುಪಾಲು ಗೊಂದಲ ಅಲ್ಲಿಂದಲೇ ಬರುತ್ತದೆ.

ನಾವೆಲ್ಲ ಬೆಳೆದ ಪದ್ಧತಿಯಲ್ಲಿ ಪಿಯು ಕಾಲೇಜು ಎಂದರೆ ಕೊನೆಗೆ ಬರುವ ಪರೀಕ್ಷೆಗೆ ತಯಾರಿ. ಕರ್ನಾಟಕದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ನೀವು ಯಾವ ಕಾಲೇಜಿನಲ್ಲಿ ಓದಿದಿರಿ, ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಯಾರೂ ಕೇಳುವುದಿಲ್ಲ. ಹೆಚ್ಚು ಅಂಕ ತೆಗೆಸುವ ಕಾಲೇಜು ಒಳ್ಳೆಯ ಕಾಲೇಜು, ಅಷ್ಟೇ. ಇಲ್ಲಿ ಹಾಗಲ್ಲ. ಇಲ್ಲಿ ಪ್ರವೇಶ ಸಮಿತಿಯ ಒಬ್ಬ ಓದುಗ ನಿಮ್ಮ ಮಗಳ ಕಡತವನ್ನು ತೆರೆದಾಗ ಅದರ ಜೊತೆಗೇ ಶಾಲೆಯ ಪರಿಚಯ ಪತ್ರವನ್ನೂ ತೆರೆಯುತ್ತಾನೆ. ಸ್ಕೂಲ್ ಪ್ರೊಫೈಲ್ ಎನ್ನುತ್ತಾರೆ. ಸಾಮಾನ್ಯವಾಗಿ ಕೆಲವೇ ಪುಟಗಳು. ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾವ ಎಪಿ ಕೋರ್ಸುಗಳಿವೆ, ಜಿಪಿಎಗೆ ಎಷ್ಟು ಹೆಚ್ಚುವರಿ ತೂಕ ಕೊಡುತ್ತಾರೆ, ಎಸ್‌ಎಟಿ ಸರಾಸರಿ ಎಷ್ಟು ಎಂಬ ವಿವರಗಳು ಅದರಲ್ಲಿರುತ್ತವೆ. ಓದುಗ ಕೇಳಿಕೊಳ್ಳುವ ಮೊದಲ ಪ್ರಶ್ನೆ, ಈ ಮಗುವಿನ ಮುಂದೆ ಏನೇನಿತ್ತು, ಅದರಲ್ಲಿ ಎಷ್ಟನ್ನು ಅದು ಕೈಗೆತ್ತಿಕೊಂಡಿತು ಎಂಬುದು.

ಇದರಿಂದ ಎರಡು ಪರಿಣಾಮ. ಟಿಜೆಯ ಬಿ ಗ್ರೇಡು ಸುಲಭದ ಶಾಲೆಯ ಬಿ ಅಲ್ಲ ಎಂಬುದು ಓದುಗನಿಗೆ ಗೊತ್ತಿರುತ್ತದೆ. ಆದ್ದರಿಂದ ಅಲ್ಲಿ ಒಂದೆರಡು ಬಿ ಬಂದರೆ ಎಲ್ಲ ಮುಗಿಯಿತು ಎಂಬ ಭಯ ಬೇಡ. ಆದರೆ ಅದೇ ಶಾಲೆಯಿಂದ ಅದೇ ಕಾಲೇಜಿಗೆ ನೂರಾರು ಅರ್ಜಿಗಳು ಬರುತ್ತವೆ. ಎಲ್ಲರದೂ ಅದೇ ಕೋರ್ಸುಗಳು, ಅದೇ ಪ್ರಯೋಗಾಲಯ, ಎಸ್‌ಎಟಿ 1500ರ ಆಸುಪಾಸು. ನೇವಿಯನ್ಸ್ ಎಂಬ ತಂತ್ರಾಂಶದಲ್ಲಿ ಹಿಂದಿನ ವರ್ಷದ ಮಕ್ಕಳ ಚುಕ್ಕೆಗಳಿರುವ ನಕ್ಷೆಯನ್ನು ನೋಡಿದವರಿಗೆ ಇದು ಗೊತ್ತು. ಒಂದು ಬದಿಗೆ ಜಿಪಿಎ, ಇನ್ನೊಂದು ಬದಿಗೆ ಎಸ್‌ಎಟಿ. ಬಲಗಡೆಯ ಮೇಲಿನ ಮೂಲೆಯಲ್ಲಿ ಸೀಟು ಸಿಕ್ಕವರ ಚುಕ್ಕೆ, ಸಿಗದವರ ಚುಕ್ಕೆ ಒಂದರ ಮೇಲೊಂದು ಬಿದ್ದಿರುತ್ತವೆ. ಆ ಮೂಲೆಯನ್ನು ನೋಡುತ್ತಾ ನಡುರಾತ್ರಿ ಕೂತ ತಂದೆತಾಯಿಯರು ನನಗೆ ಫೋನ್ ಮಾಡಿದ್ದಾರೆ. ಅಲ್ಲಿ ಅಂಕಗಳು ಮುಂದಕ್ಕೆ ಏನನ್ನೂ ಹೇಳುವುದಿಲ್ಲ. ಶಿಕ್ಷಕರ ಪತ್ರ, ಪ್ರಬಂಧ, ಮಗು ತಾನಾಗಿ ಹಿಡಿದು ಬಿಡದೆ ಮಾಡಿದ ಕೆಲಸ, ಇವೇ ಹೇಳುತ್ತವೆ.

ನಿಮ್ಮ ಗೆಳತಿಯರ ಮಾತಿನಲ್ಲೂ ಸತ್ಯವಿದೆ. ಥಾಮಸ್ ಎಸ್ಪೆನ್‌ಶೇಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಉಳಿದದ್ದೆಲ್ಲ ಸಮನಾಗಿದ್ದಾಗ, ಬಹಳ ಜಾಣರಿರುವ ಶಾಲೆಯಿಂದ ಅರ್ಜಿ ಹಾಕುವುದು ಗಣ್ಯ ಕಾಲೇಜುಗಳಲ್ಲಿ ಸ್ವಲ್ಪ ಹಿನ್ನಡೆಯೇ ಎಂದು ಕಂಡುಬಂದಿತ್ತು. ಆದರೆ "ಇಲ್ಲೇ ಇದ್ದರೆ ಮೊದಲ ಹತ್ತರಲ್ಲಿ ಬರುತ್ತಾಳೆ" ಎಂಬ ಭರವಸೆ ಯಾರ ಕೈಯಲ್ಲೂ ಇಲ್ಲ. ಆಶ್‌ಬರ್ನ್‌ನ ಹೈಸ್ಕೂಲುಗಳೇನು ಸುಲಭವೇ? ಅಲ್ಲಿಯೂ ಡೇಟಾ ಸೆಂಟರ್ ಎಂಜಿನಿಯರುಗಳ ಮಕ್ಕಳೇ ತುಂಬಿದ್ದಾರೆ.

ಇನ್ನು ಯುವಿಎ, ಅಂದರೆ ಯೂನಿವರ್ಸಿಟಿ ಆಫ್ ವರ್ಜೀನಿಯಾ. ಅಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ವಿದ್ಯಾರ್ಥಿಗಳು ರಾಜ್ಯದವರೇ. ನಾರ್ದರ್ನ್ ವರ್ಜೀನಿಯಾದ ಎಲ್ಲ ಒಳ್ಳೆಯ ಹೈಸ್ಕೂಲುಗಳಿಂದಲೂ ಮಕ್ಕಳು ಅಲ್ಲಿಗೆ ಹೋಗುತ್ತಾರೆ, ಟಿಜೆಯಿಂದಲೂ ಹೋಗುತ್ತಾರೆ. ವರ್ಜೀನಿಯಾ ಟೆಕ್ ಕೂಡ ಹಾಗೆಯೇ. ಮೊದಲ ಸಲ ಸಿಗದಿದ್ದರೂ ಇಲ್ಲಿನ ಕಮ್ಯೂನಿಟಿ ಕಾಲೇಜು ನೋವಾದಲ್ಲಿ ನಿಗದಿತ ಗ್ರೇಡಿನೊಂದಿಗೆ ಎರಡು ವರ್ಷ ಮುಗಿಸಿದವರಿಗೆ ಖಾತರಿ ವರ್ಗಾವಣೆಯ ಒಪ್ಪಂದಗಳಿವೆ. ಆ ದಾರಿಯಲ್ಲಿ ಬಂದ ಮಕ್ಕಳು ನನ್ನ ತರಗತಿಯಲ್ಲಿ ಇದ್ದಾರೆ. ಅವರು ಯಾರಿಗೂ ಕಡಿಮೆಯಿಲ್ಲ. ಇದನ್ನು ಹೇಳಲು ನಮ್ಮ ಜನ ಯಾಕೆ ಇಷ್ಟು ಸಂಕೋಚಪಡುತ್ತಾರೋ ನನಗೆ ಬೇಸರವಾಗುತ್ತದೆ.

ಹೆಸರಿನ ಬಲವಿಲ್ಲದ ಶಾಲೆಯ ಮಗು ತನ್ನ ಮಟ್ಟವನ್ನು ತೋರಿಸುವುದು ಹೇಗೆ ಎಂಬ ಚಿಂತೆಗೆ ಈಗ ಉತ್ತರವೂ ಇದೆ. ಎಂಐಟಿ 2022ರಲ್ಲಿ ಎಸ್‌ಎಟಿಯನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಅದೇ ದಾರಿ ಹಿಡಿದವು. ಎಪಿ ಪರೀಕ್ಷೆಯ ಗರಿಷ್ಠ ಅಂಕವಾದ 5 ಯಾವ ಶಾಲೆಯಿಂದ ಬಂದರೂ ಐದೇ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಕೇಳಿದರೆ, ಈ ಮೂರು ಶಾಲೆಗಳಲ್ಲಿ ಯಾವುದೂ ಕಾಲೇಜಿನ ಬಾಗಿಲನ್ನು ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಆ ಲೆಕ್ಕವನ್ನು ಪಕ್ಕಕ್ಕಿಟ್ಟು ಅವಳ ಮಂಗಳವಾರ ಹೇಗಿರುತ್ತದೆ ಎಂದು ನೋಡಿ. ಬೆಳಗ್ಗೆ ಎಷ್ಟಕ್ಕೆ ಏಳುತ್ತಾಳೆ, ಯಾರ ಪಕ್ಕ ಕೂರುತ್ತಾಳೆ, ಯಾವ ಪಾಠಕ್ಕೆ ಕಾಯುತ್ತಾಳೆ, ರಾತ್ರಿ ಎಷ್ಟಕ್ಕೆ ಮಲಗುತ್ತಾಳೆ.

ಆಶ್‌ಬರ್ನ್ ಅಮ್ಮ

ಮೇಡಂ, ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಅಕಾಡೆಮಿಯಲ್ಲಿ ಓದಿದವರು ಯಾರಾದರೂ ಇದ್ದಾರೆಯೇ? ಟಿಜೆ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದರ ಬಗ್ಗೆ ಮಾತಾಡುವವರೇ ಕಡಿಮೆ.

ಲೀಸ್‌ಬರ್ಗ್ ತಾಯಿ

ನನ್ನ ಮಗ ಅಲ್ಲಿದ್ದಾನೆ ಅಕ್ಕ. ವಿಜ್ಞಾನ ಅಕಾಡೆಮಿ 2005ರಿಂದ ಇದೆ. ಈಗಿನ ಕಟ್ಟಡಕ್ಕೆ ಬಂದದ್ದು 2018ರಲ್ಲಿ. ಒಂದು ದಿನ ಅಕಾಡೆಮಿ, ಮರುದಿನ ಮನೆಯ ಹೈಸ್ಕೂಲು, ಹೀಗೆ ದಿನ ಬಿಟ್ಟು ದಿನ. ವಿಜ್ಞಾನ, ಗಣಿತ ಅಲ್ಲಿ. ಇಂಗ್ಲಿಷ್, ಸಂಗೀತ ಮತ್ತು ಉಳಿದದ್ದು ಇಲ್ಲಿ. ಮೇಲಿನ ತರಗತಿಗಳಲ್ಲಿ ಮಕ್ಕಳು ತಮ್ಮದೇ ಪ್ರಶ್ನೆ ಹಿಡಿದು ಸಂಶೋಧನೆ ಮಾಡುತ್ತಾರೆ. ತರಗತಿ ಚಿಕ್ಕದು, ಶಿಕ್ಷಕರಿಗೆ ಪ್ರತಿ ಮಗುವಿನ ಹೆಸರಷ್ಟೇ ಅಲ್ಲ, ಸ್ವಭಾವವೂ ಗೊತ್ತು. ಮುಂದೆ ಶಿಫಾರಸು ಪತ್ರ ಬರೆಯುವಾಗ ಇದು ಎಷ್ಟು ಮುಖ್ಯ ಎಂದು ಮೇಡಂ ಹೇಳಿದ ಮೇಲೆ ನನಗೆ ಹೊಳೆಯಿತು.

ಕಾಲೇಜಿನ ಲೆಕ್ಕದಲ್ಲಿ ನೀವು ತಿಳಿದುಕೊಳ್ಳಬೇಕಾದ ಒಂದು ವಿಷಯವಿದೆ. ಡಿಪ್ಲೊಮಾ ಬರುವುದು ಮನೆಯ ಹೈಸ್ಕೂಲಿನಿಂದಲೇ. ಟಿಜೆಗೆ ಹೋದರೆ ಅವಳು ಪೂರ್ತಿ ಟಿಜೆ ವಿದ್ಯಾರ್ಥಿನಿ. ಅಕಾಡೆಮಿಗೆ ಹೋದರೆ ನಿಮ್ಮ ಪಕ್ಕದ ಹೈಸ್ಕೂಲಿನ ವಿದ್ಯಾರ್ಥಿನಿಯಾಗಿಯೇ ಉಳಿಯುತ್ತಾಳೆ, ಅಲ್ಲಿನ ಆರ್ಕೆಸ್ಟ್ರಾ, ಆಟದ ತಂಡ ಎಲ್ಲ ತೆರೆದಿರುತ್ತದೆ. ಕೌನ್ಸೆಲರ್ ಬಳಿ ಹೋಗಿ ಅಕಾಡೆಮಿಯ ಕೋರ್ಸುಗಳು ಟ್ರಾನ್ಸ್‌ಕ್ರಿಪ್ಟಿನಲ್ಲಿ ಹೇಗೆ ಕಾಣುತ್ತವೆ, ಪರಿಚಯ ಪತ್ರದಲ್ಲಿ ಅಕಾಡೆಮಿಯ ಬಗ್ಗೆ ಏನು ಬರೆಯುತ್ತಾರೆ ಎಂದು ಕೇಳಿ. ಕಷ್ಟವೂ ಇದೆ. ಎರಡು ಶಾಲೆ ಎಂದರೆ ಎರಡು ಗುಂಪಿನ ಗೆಳೆಯರು, ಎರಡು ಕಡೆಯ ಹೋಮ್‌ವರ್ಕ್. ಮೊದಲ ಕೆಲವು ತಿಂಗಳು ನನ್ನ ಮಗ ಎರಡೂ ಕಡೆ ಅತಿಥಿಯಂತೆ ಇದ್ದ. ಆಮೇಲೆ ಹೊಂದಿಕೊಂಡ.

ಹಳೆಯ ವಿದ್ಯಾರ್ಥಿನಿ

ಅಪ್ಪ ಅಮ್ಮಂದಿರ ನಡುವೆ ನಾನೊಬ್ಬಳು ಮಾತಾಡಬಹುದೇ? ಬೇರೆ ರಾಜ್ಯದ, ಪರೀಕ್ಷೆಯ ಮೂಲಕ ಸೇರಿಸಿಕೊಳ್ಳುವ ಹೈಸ್ಕೂಲಿನಲ್ಲಿ ಓದಿದೆ. ಈಗ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ.

ನಮ್ಮ ಶಾಲೆಯಲ್ಲಿ ಪಾಠ ಅದ್ಭುತವಾಗಿತ್ತು. ನನಗೆ ಜೀವವಿಜ್ಞಾನದ ಹುಚ್ಚು ಹಿಡಿಸಿದ್ದು ಅಲ್ಲಿನ ಒಬ್ಬ ಶಿಕ್ಷಕಿ. ಆದರೆ ಹತ್ತನೆಯ ತರಗತಿಯಿಂದ ಮುಂದೆ ಊಟದ ಮೇಜಿನಲ್ಲಿ ಮಾತು ಬರೀ ಕಾಲೇಜಿನದೇ. ಯಾರು ಎಷ್ಟು ಎಪಿ ತೆಗೆದುಕೊಂಡರು, ಯಾರು ಬೇಸಿಗೆಯಲ್ಲಿ ಯಾವ ಲ್ಯಾಬಿಗೆ ಹೋದರು. ರಾತ್ರಿ ಒಂದು ಗಂಟೆಗೆ ಎದ್ದಿರುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಡಿಸೆಂಬರಿನ ಮಧ್ಯದಲ್ಲಿ ಮೊದಲ ಸುತ್ತಿನ ಉತ್ತರಗಳು ಬರುವ ಸಂಜೆ ನನ್ನ ಗೆಳತಿಯೊಬ್ಬಳು ಒಂದು ತಿರಸ್ಕಾರದಿಂದ ತನ್ನ ನಾಲ್ಕು ವರ್ಷವೂ ವ್ಯರ್ಥ ಎಂದು ಅತ್ತಳು. ಅವಳು ಅಲ್ಲಿ ಕಲಿತ ಭೌತಶಾಸ್ತ್ರ ನಿಜ, ಕಟ್ಟಿದ ರೋಬೋಟ್ ನಿಜ. ಆದರೆ ಆ ಶಾಲೆಗೆ ಬಂದದ್ದೇ ಒಂದು ಕಾಲೇಜಿಗಾಗಿ ಎಂದು ಎಂಟನೆಯ ತರಗತಿಯಲ್ಲಿಯೇ ಅವಳ ಮನೆಯಲ್ಲಿ ತೀರ್ಮಾನವಾಗಿತ್ತು. ಆದ್ದರಿಂದ ಬೇರೆ ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಆಂಟಿ, ಟಿಜೆಗೆ ಕಳಿಸಿ ಅಥವಾ ಕಳಿಸಬೇಡಿ. ಕಳಿಸುವುದಾದರೆ ಹಾರ್ವರ್ಡಿಗಾಗಿ ಕಳಿಸುತ್ತಿದ್ದೇವೆ ಎಂಬ ಮಾತು ಅವಳ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಮತ್ತೆ, ಇಷ್ಟು ಹೊತ್ತಾದರೂ ಅವಳಿಗೆ ಏನು ಬೇಕು ಎಂದು ಇಲ್ಲಿ ಯಾರೂ ಹೇಳಲಿಲ್ಲ. ಅವಳನ್ನು ಕೇಳಿದ್ದೀರಾ?

ಹೆರ್ನ್‌ಡನ್ ವಾಸಿ

ಸರಿಯಾಗಿ ಹೇಳಿದೆ ಮಗಳೇ. ನಾನು ಉಪಗ್ರಹದ ಬಗ್ಗೆ ಬರೆದೆ, ಆದರೆ ಅದಕ್ಕೆ ಮೈ ನವಿರೇಳಬೇಕಾದ್ದು ಆ ಹುಡುಗಿಗೆ.

ಬಸ್ಸಿನ ಬಗ್ಗೆಯೂ ಹೇಳಿಬಿಡುತ್ತೇನೆ. ಆಶ್‌ಬರ್ನ್‌ನಿಂದ ಟಿಜೆಗೆ ಸುಮಾರು 30 ಮೈಲಿ. ಬೆಳಗಿನ ದಟ್ಟಣೆಯಲ್ಲಿ ಒಂದು ಗಂಟೆಗೂ ಹೆಚ್ಚು ಎಂದಿಟ್ಟುಕೊಳ್ಳಿ, ಬೆಲ್ಟ್‌ವೇನಲ್ಲಿ ಅಪಘಾತವಾದ ದಿನ ಹೇಳುವುದೇ ಬೇಡ. ಬಸ್ ಎಲ್ಲಿಂದ ಹೊರಡುತ್ತದೆ, ಅಲ್ಲಿಯವರೆಗೆ ನೀವೇ ಬಿಡಬೇಕೇ ಎಂದು ಮೊದಲು ವಿಚಾರಿಸಿ. ಸಾಧ್ಯವಾದರೆ ಒಂದು ಕೆಲಸದ ದಿನ ಬೆಳಗ್ಗೆ ಅವಳನ್ನು ಕೂರಿಸಿಕೊಂಡು ಆ ದಾರಿಯಲ್ಲಿ ಹೋಗಿಬನ್ನಿ. ಸಂಜೆಯೂ ಒಮ್ಮೆ. ನಕ್ಷೆಯಲ್ಲಿ ನೋಡುವುದಕ್ಕೂ ಸೀಟಿನಲ್ಲಿ ಕೂರುವುದಕ್ಕೂ ಬಹಳ ವ್ಯತ್ಯಾಸವಿದೆ.

ಗಣಿತ ಮೇಡಂ

ಅದರ ಜೊತೆಗೆ ಗಣಿತದ ಹಾದಿಯನ್ನೂ ನೋಡಿ. ಅವಳು ಈಗ ಯಾವ ಕೋರ್ಸಿನಲ್ಲಿದ್ದಾಳೆ? ಜ್ಯಾಮಿಟ್ರಿ ಎಂಟನೆಯ ತರಗತಿಗೇ ಮುಗಿಯುತ್ತಿದ್ದರೆ ಒಂಬತ್ತಕ್ಕೆ ಆಲ್ಜೀಬ್ರಾ 2, ಹತ್ತಕ್ಕೆ ಪ್ರೀಕ್ಯಾಲ್ಕುಲಸ್, ಹನ್ನೊಂದಕ್ಕೆ ಎಪಿ ಕ್ಯಾಲ್ಕುಲಸ್ ‘ಬಿ.ಸಿ.’ ಕೋರ್ಸ್. ಹನ್ನೆರಡಕ್ಕೆ ಒಂದೇ ವರ್ಷ ಉಳಿಯುತ್ತದೆ. ಆ ಒಂದು ವರ್ಷಕ್ಕೆ ಮನೆಯ ಹೈಸ್ಕೂಲಿನಲ್ಲಿ ಅಥವಾ ನೋವಾದ ಮೂಲಕ ಕೋರ್ಸ್ ಸಿಕ್ಕರೆ ಸಾಕು. ಇನ್ನೂ ಎರಡು ವರ್ಷ ಮುಂದಿದ್ದರೆ ಹೆರ್ನ್‌ಡನ್ ಅವರ ವಾದಕ್ಕೆ ಬಲ ಬರುತ್ತದೆ.

ಆಶ್‌ಬರ್ನ್ ಅಮ್ಮ

ಎಲ್ಲರಿಗೂ ಧನ್ಯವಾದ. ಜ್ಯಾಮಿಟ್ರಿಯಲ್ಲೇ ಇದ್ದಾಳೆ ಮೇಡಂ. ನಿನ್ನೆ ಬೆಳಗ್ಗೆ ಯಜಮಾನರು ರಜೆ ಹಾಕಿ ಅವಳನ್ನು ಕರೆದುಕೊಂಡು ಅಲೆಕ್ಸಾಂಡ್ರಿಯದವರೆಗೆ ಹೋಗಿಬಂದರು. ಬಂದ ಮೇಲೆ ಟಿಜೆಯೇ ಎಂದು ಹಠ ಮಾಡಲಿಲ್ಲ.

ಸಂಜೆ ಮೂವರೂ ಕೂತು ಅವಳನ್ನೇ ಕೇಳಿದೆವು. ಅವಳು ಪಟ್ಟಿಯನ್ನೇ ತಯಾರು ಮಾಡಿಟ್ಟುಕೊಂಡಿದ್ದಳು, ನಾವು ಕೇಳುವುದಕ್ಕೆ ಕಾಯುತ್ತಿದ್ದಳೆಂದು ಕಾಣುತ್ತದೆ. ವಯೊಲಿನ್ ಬಿಡಲು ಇಷ್ಟವಿಲ್ಲ, ವಾರದ ದಿನ ಸಂಜೆ ಪಾಠ ಇರುವುದರಿಂದ ಬಸ್ಸಿನಲ್ಲಿ ಅದು ಮುಳುಗಿಹೋಗುತ್ತದೆ ಎಂದಳು. ಅಕಾಡೆಮಿಯ ಪರಿಚಯ ದಿನದಂದು ಹಿರಿಯ ವಿದ್ಯಾರ್ಥಿನಿಯೊಬ್ಬಳು ಹೊಳೆಯ ನೀರಿನ ಮಾದರಿ ತಂದು ಅದರಲ್ಲಿರುವ ಸೂಕ್ಷ್ಮಜೀವಿಗಳನ್ನು ತೋರಿಸಿದ್ದು ಅವಳ ಮನಸ್ಸಿನಲ್ಲಿ ಉಳಿದಿದೆ. ನಮ್ಮ ಮನೆಯ ಹಿಂದಿನ ಹೊಳೆಯಲ್ಲೂ ಹಾಗೆ ಮಾಡಬಹುದೇ ಎಂದು ಅವಳನ್ನು ಕೇಳಿ ಬಂದಿದ್ದಾಳಂತೆ. ಕಾಲೇಜಿನ ಮಾತು ಪಟ್ಟಿಯಲ್ಲಿ ಇರಲೇ ಇಲ್ಲ. ಅಕಾಡೆಮಿಗೆ ಒಪ್ಪಿಗೆ ಕಳಿಸುತ್ತಿದ್ದೇವೆ.

ಒಂದೇ ಅಳುಕು. ಒಂದು ವರ್ಷ ಕಳೆದ ಮೇಲೆ ಅವಳಿಗೆ ಟಿಜೆಯೇ ಬೇಕಿತ್ತು ಅನ್ನಿಸಿದರೆ?

ಹೆರ್ನ್‌ಡನ್ ವಾಸಿ

ಒಳ್ಳೆಯ ನಿರ್ಧಾರ ಮೇಡಂ, ಟಿಜೆ ಪರ ವಾದಿಸಿದವನೇ ಹೇಳುತ್ತಿದ್ದೇನೆ. ಅಳುಕು ಬೇಡ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವರು ಹತ್ತಕ್ಕೆ ಸೇರಲು ಟಿಜೆಗೆ ಮತ್ತೆ ಅರ್ಜಿ ಹಾಕಬಹುದು. ಸೀಟು ಕಡಿಮೆ, ಆದರೆ ದಾರಿ ಇದೆ. ಒಂಬತ್ತನೆಯ ತರಗತಿಯ ಗ್ರೇಡುಗಳನ್ನು ಚೆನ್ನಾಗಿಟ್ಟುಕೊಳ್ಳಲಿ, ದಿನಾಂಕವನ್ನು ಕೌಂಟಿಯ ಜಾಲತಾಣದಲ್ಲಿ ಮುಂದಿನ ವರ್ಷ ನೋಡಿಕೊಳ್ಳಿ. ಶುಕ್ರವಾರದೊಳಗೆ ಟಿಜೆಗೂ ಬೇಡವೆಂದು ತಿಳಿಸಿಬಿಡಿ. ಕಾಯುವ ಪಟ್ಟಿಯಲ್ಲಿರುವ ಇನ್ನೊಂದು ಮಗುವಿಗೆ ಆ ಸೀಟು ಬೇಗ ಸಿಗಲಿ.